‘ಗ್ರಾಹಕ ಸಮುದಾಯ’ ಎಂಬ ಪ್ರಯೋಗ ಸರಿಯೇ?

ಮಾನ್ಯರೇ,

ಬ್ಲಾಗು ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ಕಂಪನಿಗಳು ತಮ್ಮ ಗ್ರಾಹಕರನ್ನು ಒಂದೆಡೆ ಕೂಡಿಸುವ ಬಗೆಯನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಕಸ್ಟಮರ್ ಕಮ್ಯುನಿಟಿ’ಗೆ ‘ಗ್ರಾಹಕ ಸಮುದಾಯ’ ಎಂದು ಬರೆದು ಮೂರು ಅಧ್ಯಾಯ ಮುಗಿಸಿದ ಮೇಲೆ, ಈ ಪದ ನಮ್ಮ ಓದುಗರಿಗೆ ಬೇರೆಯೇ ಅರ್ಥ ಕೊಡುತ್ತದೆ ಎಂದು ನನಗೆ ಖಚಿತವಾಗತೊಡಗಿದೆ.

ಕೈಪಿಡಿ ಹೇಳುವ ಕೂಡುವಿಕೆ ಎಂಥದು ಎಂಬುದನ್ನು ಮೊದಲು ತಿಳಿಸುತ್ತೇನೆ. ಡೆನ್ಮಾರ್ಕಿನ ಲೆಗೊ ಕಂಪನಿಯ ‘ಲೆಗೊ ಐಡಿಯಾಸ್’ನಲ್ಲಿ ಆಟಿಕೆಯನ್ನು ಕೊಳ್ಳುವವರೇ ಹೊಸ ಮಾದರಿಗಳನ್ನು ಮುಂದಿಡುತ್ತಾರೆ; 10,000 ಮಂದಿಯ ಬೆಂಬಲ ಸಿಕ್ಕ ಮಾದರಿಯನ್ನು ಕಂಪನಿ ಪರಿಶೀಲನೆಗೆ ಎತ್ತಿಕೊಳ್ಳುತ್ತದೆ. ಷೇರು ವಹಿವಾಟಿಗೆ ನೆರವಾಗುವ ಬೆಂಗಳೂರಿನ ಝೆರೋಧಾ ಕಂಪನಿ ನಡೆಸುವ ‘ಟ್ರೇಡಿಂಗ್ ಕ್ಯೂ ಅಂಡ್ ಎ’ ತಾಣದಲ್ಲಿ ಒಬ್ಬ ಹೂಡಿಕೆದಾರರ ಪ್ರಶ್ನೆಗೆ ಕಂಪನಿಯವರಷ್ಟೇ ಅಲ್ಲದೆ ಬೇರೆ ಹೂಡಿಕೆದಾರರೂ ಉತ್ತರ ಬರೆಯುತ್ತಾರೆ. ಎರಡರಲ್ಲೂ ಮುಖ್ಯವಾದದ್ದು ಗ್ರಾಹಕರಿಗೂ ಗ್ರಾಹಕರಿಗೂ ನಡುವೆ ಬೆಳೆಯುವ ಒಡನಾಟ. ಕಂಪನಿಯ ಪುಟವನ್ನು ಲಕ್ಷಾಂತರ ಜನ ಫಾಲೋ ಮಾಡುತ್ತಿದ್ದರೂ ಅವರು ತಮ್ಮತಮ್ಮಲ್ಲಿ ಮಾತಾಡದಿದ್ದರೆ ಕೈಪಿಡಿಯ ಲೆಕ್ಕದಲ್ಲಿ ಅದು ಕಮ್ಯುನಿಟಿ ಆಗುವುದಿಲ್ಲ.

ಈಗ ‘ಸಮುದಾಯ’ದ ತೊಡಕು. ಸಮುದಾಯ ಭವನ, ಸಮುದಾಯ ಆರೋಗ್ಯ ಕೇಂದ್ರ, 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ ಇವುಗಳಲ್ಲಿ ಆ ಪದ ಎಲ್ಲರನ್ನೂ ಒಳಗೊಳ್ಳುತ್ತದೆ ಎಂಬುದು ನಿಜ. ಆದರೆ ಪತ್ರಿಕೆಗಳಲ್ಲಿ ಇಂದು ‘ಸಮುದಾಯದ ಮುಖಂಡರು’ ಎಂದರೆ ಜಾತಿಯ ಮುಖಂಡರು ಎಂದೇ ಓದುತ್ತೇವೆ. ‘ನಮ್ಮ ಸಮುದಾಯಕ್ಕೆ ಸೇರಿರಿ’ ಎಂಬ ನನ್ನ ಸಾಲನ್ನು ಓದಿದ ಸೋದರತ್ತೆ, ‘ಯಾವ ಸಮುದಾಯವಪ್ಪಾ, ಹುಟ್ಟಿದ್ದನ್ನು ಬಿಟ್ಟು ಇನ್ನೊಂದಕ್ಕೆ ಸೇರೋಕಾಗುತ್ತಾ?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ವ್ಯಾಕರಣದ ಸೂಕ್ಷ್ಮವೂ ಇದೆ: ‘ಪಕ್ಷ ಸೇರಿದರು’ ಎಂದರೆ ಇಷ್ಟಪಟ್ಟು ಹೋಗಿ ಕೂಡಿಕೊಂಡರು, ‘ಆ ಪಕ್ಷಕ್ಕೆ ಸೇರಿದವರು’ ಎಂದರೆ ಆಗಲೇ ಅದರವರು. ‘ಸಮುದಾಯ’ದ ಜೊತೆ ಎರಡನೆಯ ಬಗೆಯೇ ನಮ್ಮ ಬಾಯಿಗೆ ಬರುತ್ತದೆ, ಮೊದಲನೆಯದು ಬರುವುದಿಲ್ಲ.

‘ಗ್ರಾಹಕರ ವೇದಿಕೆ’ ಎನ್ನೋಣವೆಂದರೆ, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ದೂರು ಆಲಿಸುತ್ತಿದ್ದ ಜಿಲ್ಲಾ ಗ್ರಾಹಕರ ವೇದಿಕೆ ಕಣ್ಣ ಮುಂದೆ ಬರುತ್ತದೆ. 2019ರ ಕಾಯ್ದೆ ಅದನ್ನು ಆಯೋಗವೆಂದು ಕರೆದರೂ ಹಳೆಯ ಹೆಸರು ಜನರ ನಾಲಗೆಯಿಂದ ಹೋಗಿಲ್ಲ. ‘ಸಂಘ’ ಎಂದರೆ ನೋಂದಣಿ, ಅಧ್ಯಕ್ಷರು, ವಾರ್ಷಿಕ ಸಭೆ.

ನನ್ನ ಮನಸ್ಸು ‘ಬಳಗ’ದ ಕಡೆಗೆ ವಾಲುತ್ತಿದೆ. ಬಂಧುಬಳಗದಲ್ಲಿ ಅದು ಹುಟ್ಟಿನ ನಂಟನ್ನು ಹೇಳಿದರೂ ಗೆಳೆಯರ ಬಳಗ, ಓದುಗರ ಬಳಗ ಎಂಬಲ್ಲಿ ಇಷ್ಟಪಟ್ಟು ಕೂಡಿದವರನ್ನೇ ಹೇಳುತ್ತದೆ. ‘ಬಳಗ ಸೇರಿ’, ‘ಬಳಗ ಕಟ್ಟು’, ‘ಬಳಗ ಬೆಳೆಯಿತು’ ಎಲ್ಲವೂ ಸಲೀಸು. ‘ಸಮುದಾಯ ನಿರ್ಮಾಣ’ ಎಂದು ಬರೆದ ಕಡೆಯಲ್ಲೆಲ್ಲ ಸಿಮೆಂಟು, ಕಂಬಿಗಳ ನೆನಪು ಬರುವಂತಾಗಿದ್ದುದು ‘ಬಳಗ ಕಟ್ಟುವುದು’ ಎಂದೊಡನೆ ನೇರವಾಯಿತು.

ಆದರೂ ಒಂದು ಅಳುಕು ಉಳಿದಿದೆ. ‘ಅಭಿಮಾನಿ ಬಳಗ’ದಲ್ಲಿ ನಟನೇ ನಡುವೆ ನಿಂತಿರುತ್ತಾನೆ, ಉಳಿದವರು ಅವನ ಸುತ್ತ. ‘ಕಂಪನಿಯ ಗ್ರಾಹಕ ಬಳಗ’ ಎಂದರೂ ಅದೇ ಚಿತ್ರ ಮೂಡಿ, ಗ್ರಾಹಕರ ಒಡನಾಟ ಮರೆಗೆ ಸರಿಯಬಹುದು. ಅಮೆರಿಕದ ಊರೂರಿನ ಕನ್ನಡ ಕೂಟಗಳ ಮಾದರಿಯಲ್ಲಿ ‘ಬಳಕೆದಾರರ ಕೂಟ’ ಎಂದರೆ ಆ ತೊಂದರೆ ಇಲ್ಲ, ಏಕೆಂದರೆ ಕೂಟದಲ್ಲಿ ಸೇರಿದವರೇ ಮುಖ್ಯ. ಆದರೆ ಸಂತೋಷಕೂಟ, ಔತಣಕೂಟಗಳ ಒಡನಾಟದಿಂದ ಆ ಪದಕ್ಕೆ ಒಂದು ಸಂಜೆಯ ಆಯುಷ್ಯವಷ್ಟೇ ಅಂಟಿಕೊಂಡಿದೆಯೇನೋ ಎನಿಸುತ್ತದೆ.

ಹಾಗಾಗಿ ತಮ್ಮಲ್ಲಿ ಎರಡು ಪ್ರಶ್ನೆಗಳು. ‘ಬಳಕೆದಾರರ ಬಳಗ’ ಎಂದಾಗ ಕಂಪನಿ ನಡುವಿನಿಂದ ಸರಿದು ನಿಂತಂತೆ ತಮ್ಮ ಕಿವಿಗೂ ಕೇಳಿಸುತ್ತದೆಯೇ? ಹಳೆಯ ಮೈಸೂರಿನ ಕಡೆ ದಿನವೂ ಒಬ್ಬರಿಂದಲೇ ಖಾಯಂ ಆಗಿ ಕೊಳ್ಳುವ ಹಾಲಿಗೆ ‘ವರ್ತನೆಯ ಹಾಲು’ ಎನ್ನುವಂತೆ, ಒಂದೇ ಅಂಗಡಿಯ ಖಾಯಂ ಗಿರಾಕಿಗಳು ತಮ್ಮತಮ್ಮಲ್ಲಿ ಬೆಳೆಸಿಕೊಂಡ ನಂಟಿಗೆ ತಮ್ಮ ಊರಿನ ಆಡುಮಾತಿನಲ್ಲಿ ಯಾವುದಾದರೂ ಪದ ಇದೆಯೇ?