ಅರಸನಿಂದ ಸರದವರೆಗೆ

ನಮ್ಮ ‘ಅರಕಲಗೂಡು ಬಳಗ’ ಗುಂಪಿನಲ್ಲಿ 34 ಜನ ಇದ್ದೇವೆ. ಹೆಸರಿಗೆ ಅರಕಲಗೂಡು, ಇರುವುದೆಲ್ಲ ಬೆಂಗಳೂರಿನಲ್ಲಿ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ದೊಡ್ಡಪ್ಪ ಎಂದಿನಂತೆ ಸೂರ್ಯ, ಹೂವು, ಶುಭೋದಯ ಕಳಿಸಿದರು. ಏಳೂಕಾಲಿಗೆ ಇದು ಬಂತು:

“ಕನ್ನಡಿಗರೇ ಎಚ್ಚರ!! ಈ ವರ್ಷದಿಂದ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ಇಲ್ಲ!! ಮೊದಲು ಕಲಿಸುವುದು ರ ಗ ಸ ದ!!! ವರ್ಣಮಾಲೆ ಮುಗಿಸುವ ಹುನ್ನಾರ. ಮೈಯಲ್ಲಿ ಕನ್ನಡದ ರಕ್ತ ಇದ್ದರೆ ಹತ್ತು ಜನರಿಗೆ ಕಳಿಸಿ.”

ಜೊತೆಗೆ ಒಂದು ಫೋಟೋ. ಶಾಲೆಯ ಗೋಡೆ, ಗೋಡೆಯ ಮೇಲೊಂದು ಚಾರ್ಟು. ಅದನ್ನು ದೊಡ್ಡದು ಮಾಡಿ ನೋಡಿದವರು ಯಾರೂ ಇರಲಿಕ್ಕಿಲ್ಲ. ನಾನೂ ನೋಡಲಿಲ್ಲ, ದೋಸೆ ಹುಯ್ಯುತ್ತಿದ್ದೆ.

ವಿಮಲತ್ತೆ: ಅಯ್ಯೋ ಶಿವನೇ. 52 ಅಕ್ಷರ ಇರುವ ಭಾಷೆಗೆ ಇದೆಂಥ ಗತಿ 😢

ಸುಹಾಸ: ಮೂಲ ಎಲ್ಲಿ? ಸುತ್ತೋಲೆಯ ನಂಬರ್, ತಾರೀಖು ಹಾಕಿ. ಇಲ್ಲದಿದ್ದರೆ ಡಿಲೀಟ್ ಮಾಡಿ.

ದೊಡ್ಡಪ್ಪ: ನಾನೇ ಮೂಲ ಕಣೋ. ನಿಮ್ಮಪ್ಪನ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು.

ಸುಹಾಸ: ದೊಡ್ಡಪ್ಪ, ನಾನು ಕೇಳಿದ್ದು ಸುತ್ತೋಲೆ.

ಪಮ್ಮಿ: ಸುಹಾಸ, ಮಳೆ ರಜೆ ಅಂತ ಒಂದು ಆದೇಶ ಹಾಕಿದ್ದೆಯಲ್ಲ, ಅದಕ್ಕೆ ಮೂಲ ಎಲ್ಲಿತ್ತಪ್ಪ?

ಇದು ಹಳೇ ಗಾಯ. ಹೋದ ಮಳೆಗಾಲದಲ್ಲಿ ಸುಹಾಸ ರಾತ್ರಿ ಹನ್ನೊಂದಕ್ಕೆ ‘ನಾಳೆ ಶಾಲೆಗಳಿಗೆ ರಜೆ’ ಎನ್ನುವ ಆದೇಶ ಹಾಕಿದ್ದ. ನಂಬರ್ ಇತ್ತು, ಸೀಲು ಇತ್ತು, ಸಹಿ ಇತ್ತು. ಅದು ಹಿಂದಿನ ವರ್ಷದ್ದು, ಅಷ್ಟೇ. ಪಮ್ಮಿ ಮಗಳನ್ನು ಶಾಲೆಗೆ ಕಳಿಸಲಿಲ್ಲ, ಅವತ್ತೇ ಎಫ್‌ಎ ಟು ಪರೀಕ್ಷೆ ಇತ್ತು. ವಿಜಯನಗರದಿಂದ ವೈಟ್‌ಫೀಲ್ಡಿಗೆ ಫೋನ್ ಮಾಡಿ ಬೈದಿದ್ದಳು.

ಸುಹಾಸ: ಅದಕ್ಕೆ ಮೂರು ಸಲ ಸಾರಿ ಕೇಳಿದ್ದೇನೆ.

ಪಮ್ಮಿ: ಎರಡು ಸಲ.

ಇಷ್ಟರಲ್ಲಿ ಸುಹಾಸ ಅತ್ತೆಯ ಕಡೆ ತಿರುಗಿದ. “ಅತ್ತೆ, ಅಕ್ಷರ 52 ಅಲ್ಲ, 49. ಸ್ವರ 13, ಅಂ ಅಃ ಎರಡು, ವ್ಯಂಜನ 34. ಕೂಡಿ ನೋಡಿ.” ಅತ್ತೆ ಬಿಡುವವರಲ್ಲ. “ಎರಡನೇ ೠ ಎಲ್ಲಿ ಹೋಯಿತು? ಕ್ಷ, ಜ್ಞ ನಿಮ್ಮ ಆಫೀಸಿನವರು ತಿಂದರಾ?” ಕ್ಷ, ಜ್ಞ ಒತ್ತಕ್ಷರ, ಲೆಕ್ಕಕ್ಕಿಲ್ಲ ಎಂದು ಅವನು, ಹಾಗಾದರೆ ಲಕ್ಷ್ಮಿ ಪೂಜೆ ಮಾಡಬೇಡ ಎಂದು ಅತ್ತೆ. ಇದು ಇಪ್ಪತ್ತು ನಿಮಿಷ ನಡೆಯಿತು. ಬಿಟ್ಟುಬಿಡೋಣ.

ದೊಡ್ಡಪ್ಪ ಉದ್ದದ ಸಂದೇಶ ಟೈಪ್ ಮಾಡುತ್ತಿದ್ದರು ಅಂತ ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ ಬಂತು. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಬರೆಸುವುದು ನಮ್ಮ ಸಂಸ್ಕಾರ. ಅ ಎನ್ನುವುದು ಮೊದಲ ಉಸಿರು. ಬುಡ ಬಿಟ್ಟು ಕೊಂಬೆಗೆ ನೀರು ಹಾಕಿದರೆ ಮರ ಉಳಿಯುತ್ತಾ? ಹನ್ನೊಂದು ಜನ ಕೈ ಮುಗಿದರು.

ಗುಂಡಣ್ಣ: ಅಕ್ಕಿ ಅಂದಾಗ ನೆನಪಾಯಿತು. ನಮ್ಮ ಮೇಷ್ಟ್ರು ಮರಳಲ್ಲಿ ಬರೆಸುತ್ತಿದ್ದರು. ಬೆರಳು ಉರಿಯುತ್ತಿತ್ತು. ಸ್ಲೇಟಿಗೆ ಇದ್ದಿಲು, ತೊಂಡೆಸೊಪ್ಪು ಉಜ್ಜುತ್ತಿದ್ದೆವು, ನೆನಪಿದೆಯಾ ಪಮ್ಮಿ?

ಪಮ್ಮಿ: ನೀನು ಬಳಪ ತಿನ್ನುತ್ತಿದ್ದೆ. ನನ್ನದೂ ಸೇರಿಸಿ.

ಗುಂಡಣ್ಣ: ಸ್ಕೂಲ್ ಉಪ್ಪಿಟ್ಟಿನ ಮೇಲೆ ಬಳಪ, ಅದರ ರುಚಿಯೇ ಬೇರೆ 😂

ಇಲ್ಲಿಂದ ಉಪ್ಪಿಟ್ಟು, ಬೆತ್ತ, ಎರಡೊಂದ್ಲ ಎರಡು, ಯಾರು ಯಾರನ್ನು ಕೆರೆಗೆ ತಳ್ಳಿದರು. ಹತ್ತೂವರೆಯ ಹೊತ್ತಿಗೆ ರ ಗ ಸ ದ ಎಲ್ಲರಿಗೂ ಮರೆತೇಹೋಗಿತ್ತು.

ಹನ್ನೆರಡಕ್ಕೆ ಶೈಲಕ್ಕ ಬಂದಳು. ಶೈಲಕ್ಕ ದೊಡ್ಡಪ್ಪನ ಮಗಳು. ಯಲಹಂಕದ ಆಚೆ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಗುಂಪಿನಲ್ಲಿ ಹುಟ್ಟುಹಬ್ಬದ ಹಾರೈಕೆ ಬಿಟ್ಟು ಬೇರೇನೂ ಬರೆದವಳಲ್ಲ.

ಶೈಲಕ್ಕ: ಅಪ್ಪಾ, ಇದು ನಲಿ-ಕಲಿ. ನಾನು ಹದಿನೈದು ವರ್ಷದಿಂದ ದಿನಾ ಕಲಿಸುತ್ತಿರುವುದು ಇದನ್ನೇ. ಫೋಟೋದ ಮೂಲೆಯಲ್ಲಿ ಕ್ಯಾಲೆಂಡರ್ ಇದೆ, 2016 ಅಂತ ಕಾಣುತ್ತದೆ ನೋಡಿ.

ಆಗ ಫೋಟೋ ತೆರೆದೆ. ಹೌದು, 2016.

ಶೈಲಕ್ಕ ಸಣ್ಣ ಸಣ್ಣ ಸಂದೇಶಗಳಲ್ಲಿ ಹೇಳುತ್ತಾ ಹೋದಳು. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ನಮ್ಮ ಸರ್ಕಾರಿ ಮೇಷ್ಟ್ರುಗಳೇ ಕಟ್ಟಿದ್ದು. ದುಡ್ಡಿನ ನೆರವು ಯುನಿಸೆಫ್‌ನದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ನೋಡಿಕೊಂಡು ತನ್ನ ಕಾರ್ಡು ತಾನೇ ತೆಗೆದುಕೊಂಡು ಬರುತ್ತದೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಹೇಳಿಕೊಡಬೇಕು, ಇನ್ನೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಹದಿನೈದು ದಿನ ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತದೆ. ಮಕ್ಕಳು ಬರೆದ ಚಿತ್ರಗಳು ತಲೆ ಮೇಲೆ ದಾರದಲ್ಲಿ ತೂಗುತ್ತವೆ, ಅದಕ್ಕೆ ಕಲಿಕಾ ಚಪ್ಪರ ಎನ್ನುತ್ತಾರೆ. “ಎಲ್ಲ ಚೆನ್ನಾಗಿದೆ ಅಂತ ಅಲ್ಲ,” ಎಂದೂ ಬರೆದಳು. “ಮೂವತ್ತು ಮಕ್ಕಳಿಗೆ ನಾನೊಬ್ಬಳೇ. ಕಾರ್ಡು ಹರಿದರೆ ಗೋಂದು ಹಚ್ಚಿ ಕೂರುವುದೂ ನಾನೇ.”

ಸುಹಾಸ: ಓಕೆ, ಆದರೆ ರ ಯಾಕೆ ಮೊದಲು?

ಶೈಲಕ್ಕ: ಅ ಅರಸ, ಆ ಆನೆ ಅಂತ ನಾವೆಲ್ಲ ಕಲಿತೆವು ಅಲ್ವಾ? ಅರಸ ಬರೆಯಲು ರ ಬೇಕು, ಸ ಬೇಕು. ಅವು ವರ್ಣಮಾಲೆಯ ಬಾಲದಲ್ಲಿವೆ. ಅಲ್ಲಿವರೆಗೆ ಮಗು ಚಿತ್ರ ನೋಡಿ ಅರಸ ಅಂತ ಬಾಯಲ್ಲಿ ಹೇಳುತ್ತದೆ, ಓದುವುದಿಲ್ಲ. ಅ ಆ ಇ ಈ ನಾಲ್ಕೂ ಬಂದ ಮೇಲೆ ಯಾವ ಪದ ಬರೆಯಬಹುದು ಹೇಳಿ ನೋಡೋಣ.

ಗುಂಡಣ್ಣ: ಈ

ಗುಂಡಣ್ಣ: ಆ

ಶೈಲಕ್ಕ: 😄 ಅಷ್ಟೇ. ರ ಗ ಸ ದ ಅ ಐದೇ ಅಕ್ಷರ ಬರಲಿ. ಅರಸ, ಅಗಸ, ರಸ, ದರ, ಗರಗಸ, ಸರ. ಮೊದಲ ತಿಂಗಳಲ್ಲೇ ಮಗು ಓದುತ್ತದೆ. ರ ಕೈಗೆ ಬಂದರೆ ದ ಬರೆಯುವುದು ಕಷ್ಟವಿಲ್ಲ. ಅ ಆ ಇ ಈ ಕ್ರಮ ಆಮೇಲೆ ಕಲಿಸುತ್ತೇವೆ, ಎಲ್ಲೂ ಹೋಗಿಲ್ಲ.

ನನ್ನ ಮಗ ಜೆ.ಪಿ. ನಗರದಲ್ಲಿ ಇಂಗ್ಲಿಷ್ ಮೀಡಿಯಂ. 2015ರ ಕನ್ನಡ ಕಲಿಕಾ ಕಾಯ್ದೆಯ ದಯೆಯಿಂದ ಎರಡನೇ ಭಾಷೆಯಾಗಿ ಕನ್ನಡ ಇದೆ. ಜೂನ್‌ನಿಂದ ದಸರಾ ರಜೆಯವರೆಗೆ ಅವನು ಕಲಿತದ್ದು ಅ ಇಂದ ಅಃ. ಈ ಬರೆಯುವಾಗ ನಾಲಿಗೆ ಹೊರಗೆ ಬರುತ್ತದೆ, ಋ ಅಂದರೆ ಅಳು. ಒಂದು ಪದ ಓದಿಲ್ಲ. ಇದನ್ನೇ ಗುಂಪಿನಲ್ಲಿ ಬರೆದೆ. ಬರೆಯಬಾರದಿತ್ತು.

ವಿಮಲತ್ತೆ: ಅಷ್ಟು ಇಷ್ಟ ಇದ್ದರೆ ಶೈಲಾ ಶಾಲೆಗೇ ಹಾಕಬೇಕಿತ್ತು.

ಸುಹಾಸ: ಗುಂಪಿನಲ್ಲಿ 34 ಜನ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವವರು ಕೈ ಎತ್ತಿ.

ನೀಲಿ ಟಿಕ್ಕು ಬಿತ್ತು. ಕೈ ಏಳಲಿಲ್ಲ. ದೊಡ್ಡಪ್ಪ, “ಶೈಲಾ, ಇದನ್ನೆಲ್ಲ ಮೊದಲೇ ಹೇಳಬಾರದಿತ್ತಾ?” ಎಂದರು. ಅವಳು, “ನೀವು ಕೇಳಿರಲಿಲ್ಲ ಅಪ್ಪಾ” ಎಂದು ಬರೆದು ಊಟಕ್ಕೆ ಹೋದಳು.

ಮಾತು ತಿಳಿಯಾಗಲಿ ಎಂದು ನಾನು ಮಗನ ಕೈಲಿ ಆ ಪದಗಳನ್ನು ಬರೆಸಿ ಫೋಟೋ ಹಾಕಿದೆ. ಸೊಟ್ಟ ಸೊಟ್ಟಗೆ, ಸ್ಕೆಚ್ ಪೆನ್ನಿನಲ್ಲಿ: ಸರ. ಸರ. ಸರ.

ಚಿಕ್ಕಮ್ಮ: ಮುದ್ದು ❤️

ವಿಮಲತ್ತೆ: ಸರದ ಮಾತು ಈಗ ಬೇಕಿತ್ತಾ?

ಅಜ್ಜಿಯ ಅವಲಕ್ಕಿ ಸರ ಮಗಳಾದ ವಿಮಲತ್ತೆಗೆ ಬರಬೇಕಿತ್ತು, ಕೊನೇ ಸೊಸೆ ಚಿಕ್ಕಮ್ಮನ ಕೊರಳಿಗೆ ಹೋಯಿತು. ಹಂಚಿದವರು ದೊಡ್ಡಪ್ಪ. ಇದು 1998ರ ಮಾತು.

ಚಿಕ್ಕಮ್ಮ: ಅತ್ತೆಯೇ ಕೈಯಾರೆ ಹಾಕಿದ್ದು ಅಕ್ಕಾ. ಎಷ್ಟು ಸಲ ಹೇಳಬೇಕು?

ವಿಮಲತ್ತೆ: ಮಗು ಕೈಲಿ ಬರೆಸಿ ಚುಚ್ಚುವುದು ಬೇಡ ಅಂದೆ ಅಷ್ಟೇ.

ಸುಹಾಸ: ಅತ್ತೆ, ಅವನು ಆರು ವರ್ಷದ ಹುಡುಗ.

ದೊಡ್ಡಪ್ಪ: ಎಲ್ಲರೂ ಸುಮ್ನೆ ಇರಿ. ಶುಭ ಮಧ್ಯಾಹ್ನ 🌹

ರಾತ್ರಿ ಹತ್ತೂವರೆಗೆ ನನ್ನ ನಂಬರಿಗೆ ಮಾತ್ರ ವಿಮಲತ್ತೆಯ ಸಂದೇಶ ಬಂತು. “ಅದು 42 ಗ್ರಾಂ ಇತ್ತು ಕಣೇ. ನಿನಗೆ ಗೊತ್ತಿರಲಿ ಅಂತ ಹೇಳಿದೆ.” ಐದು ನಿಮಿಷ ಬಿಟ್ಟು ಇನ್ನೊಂದು: “ಹುಡುಗ ಗರಗಸ ಬರೆದನಾ? ಫೋಟೋ ಹಾಕು. ಗುಂಪಿಗೆ ಬೇಡ.”