ಎಐ ಉಳಿಸಿದ ಗಂಟೆಗಳು ಎಲ್ಲಿಗೆ ಹೋದವು?

ಲೆಕ್ಕದವನು:
ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಎಐ ಲೈಸೆನ್ಸ್ ಕೊಡಿಸಿದ್ದಾರೆ. ಮೀಟಿಂಗ್‌ನಲ್ಲಿ ‘ಇಷ್ಟು ಗಂಟೆ ಉಳಿಯಿತು’ ಅಂತ ಸ್ಲೈಡ್ ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ಮಾತ್ರ ಖರ್ಚಿನ ಕಡೆ ಒಂದು ಸಾಲು ಹೆಚ್ಚಾಗಿದೆ, ಅಷ್ಟೇ. ಆ ಗಂಟೆಗಳು ಎಲ್ಲಿಗೆ ಹೋದವು?

ಹೆಲ್ಪ್‌ಡೆಸ್ಕ್:
ಎಲ್ಲ ಕಡೆ ಹಾಗಿಲ್ಲ ಸರ್. ಗ್ರಾಹಕ ಸೇವೆಯಲ್ಲಿರುವ 5,000ಕ್ಕೂ ಹೆಚ್ಚು ಮಂದಿಯ ಕೆಲಸ ನೋಡಿ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಜೊತೆಗಾರರು 2023ರಲ್ಲಿ ಒಂದು ಅಧ್ಯಯನ ಹೊರತಂದರು. ಎಐ ಸಲಹೆ ಸಿಕ್ಕವರು ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಾದವು. ಹೊಸಬರಲ್ಲಿ ಶೇ 34. ಪಳಗಿದವರಿಗೆ ಹೆಚ್ಚೇನೂ ಲಾಭ ಆಗಲಿಲ್ಲ. ಒಳ್ಳೆಯ ಕೆಲಸಗಾರರು ಕೊಡುವ ಉತ್ತರದ ರೀತಿಯನ್ನೇ ಅದು ಹೊಸಬರಿಗೆ ದಾಟಿಸುತ್ತಿತ್ತು ಅನ್ನುವುದು ಅವರ ವಿವರಣೆ.

ಕೋಡ್‌ಹುಳ:
ಅಲ್ಲಿ ಎಣಿಸುವುದಕ್ಕೆ ದೂರುಗಳಿದ್ದವು. ನಮ್ಮಲ್ಲಿ ಎಣಿಸುವುದು ಏನನ್ನು? ಸುಮ್ನೆ ‘ಎಷ್ಟು ಸಮಯ ಉಳಿಯಿತು’ ಅಂತ ಫಾರಂ ತುಂಬಿಸಿಕೊಳ್ಳುತ್ತಾರೆ. 2025ರಲ್ಲಿ ಮೀಟರ್ (METR) ಅನ್ನುವ, ಎಐ ಸಾಮರ್ಥ್ಯ ಅಳೆಯುವ ಸಂಸ್ಥೆ ಅನುಭವಿ ಡೆವಲಪರ್‌ಗಳ ಮೇಲೆ ಪ್ರಯೋಗ ಮಾಡಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಮುಗಿದ ಮೇಲೆ ಕೇಳಿದರೆ, ಶೇ 20ರಷ್ಟು ಬೇಗ ಆಯಿತು ಅಂದರು!

ಹೆಲ್ಪ್‌ಡೆಸ್ಕ್:
ಬರೀ 16 ಜನ, ಅದೂ ತಮಗೆ ಚೆನ್ನಾಗಿ ಗೊತ್ತಿರುವ ದೊಡ್ಡ ಕೋಡ್‌ನಲ್ಲಿ ಕೆಲಸ ಮಾಡಿದವರು. ಅದನ್ನೇ ಎಲ್ಲರಿಗೂ ಅನ್ವಯಿಸಬೇಡಿ.

ಕೋಡ್‌ಹುಳ:
ಅನ್ವಯಿಸುತ್ತಿಲ್ಲ. ಫಾರಂ ನಂಬಬೇಡಿ ಅಂತಷ್ಟೇ ನನ್ನ ಮಾತು.

ಹಳೇ_ಮ್ಯಾನೇಜರ್:
ಗಂಟೆ ನಿಜವಾಗಿಯೂ ಉಳಿದಿದೆ ಅಂತಲೇ ಇಟ್ಟುಕೊಳ್ಳಿ. ಕರಡು ಒಪ್ಪಂದ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಆಮೇಲೆ ಕಾನೂನು ವಿಭಾಗದಲ್ಲಿ ಒಂದು ವಾರ ಬಿದ್ದಿರುತ್ತದೆ. ಕರಡು ಬೇಗ ಬಂದಷ್ಟೂ ಅಲ್ಲಿನ ರಾಶಿ ಬೆಳೆಯುತ್ತದೆ, ಗ್ರಾಹಕನಿಗೆ ಸಿಗುವ ದಿನ ಮಾತ್ರ ಅದೇ. ಜೊತೆಗೆ ಎಐ ಬರೆದಿದ್ದು ಅಂತ ಎರಡು ಸಲ ಓದಬೇಕು. ಆ ಓದುವ ಸಮಯವನ್ನು ಯಾವ ಸ್ಲೈಡ್‌ನಲ್ಲೂ ಕಳೆದಿದ್ದು ನಾನು ನೋಡಿಲ್ಲ.

ಬಾಟ್_ಅಭಿಮಾನಿ:
ಅದಕ್ಕೇ ಅರ್ಧಂಬರ್ಧ ಮಾಡಬಾರದು. ಸ್ವೀಡನ್ನಿನ ಹಣ ಪಾವತಿ ಕಂಪನಿ ಕ್ಲಾರ್ನಾ ನೋಡಿ. ಗ್ರಾಹಕ ಸೇವೆಯಲ್ಲಿ 700 ಮಂದಿಯ ಕೆಲಸವನ್ನು ಎಐ ಬಾಟ್ ಮಾಡುತ್ತಿದೆ ಅಂತ 2024ರಲ್ಲೇ ಹೇಳಿತು.

ಹೆಲ್ಪ್‌ಡೆಸ್ಕ್:
ಕಥೆ ಪೂರ್ತಿ ಹೇಳಿ. ವೆಚ್ಚದ ಕಡೆಗೇ ಜಾಸ್ತಿ ನೋಡಿದ್ದರಿಂದ ಗುಣಮಟ್ಟ ಇಳಿಯಿತು ಅಂತ 2025ರಲ್ಲಿ ಅವರ ಸಿಇಒ ಅವರೇ ಒಪ್ಪಿಕೊಂಡರು. ಮತ್ತೆ ಜನರನ್ನು ತೆಗೆದುಕೊಳ್ಳಲು ಶುರು ಮಾಡಿದರು.

ಬಾಟ್_ಅಭಿಮಾನಿ:
ಬಾಟ್ ಅನ್ನು ತೆಗೆದುಹಾಕಿದರಾ? ಇಲ್ವಲ್ಲ!

ಹೆಲ್ಪ್‌ಡೆಸ್ಕ್:
ಇಲ್ಲ. ಸುಲಭದ ಪ್ರಶ್ನೆಗೆ ಬಾಟ್, ಉಳಿದದ್ದಕ್ಕೆ ಮನುಷ್ಯರು. ಅದಕ್ಕೆ ನನ್ನ ತಕರಾರಿಲ್ಲ.

ಲೆಕ್ಕದವನು:
ಸರಿ, ನಾನು ಕೇಳಬೇಕಾದ್ದು ಸಿಕ್ಕಿತು. ಮುಂದಿನ ಮೀಟಿಂಗ್‌ನಲ್ಲಿ ಗಂಟೆಗಳ ಸ್ಲೈಡ್ ಬೇಡ ಅನ್ನುತ್ತೇನೆ. ಆರ್ಡರ್ ಬಂದ ದಿನದಿಂದ ಬಿಲ್ ಹೋಗುವ ದಿನದವರೆಗೆ ಮೊದಲು ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು? ಅದನ್ನು ತೋರಿಸಲಿ.

ಹಳೇ_ಮ್ಯಾನೇಜರ್:
‘ಮೊದಲು ಎಷ್ಟು’ ಅನ್ನುವುದನ್ನು ಯಾರಾದರೂ ಬರೆದಿಟ್ಟಿದ್ದಾರಾ, ಮೊದಲು ಅದನ್ನು ವಿಚಾರಿಸಿ ಸರ್.