ಮೊದಲ ಹೆರಿಗೆ ಅಂದರೆ ಕಟ್ ಮಾಡಲೇಬೇಕಾ?

ಹಾಸನದ ಅಕ್ಕ: ತಂಗಿಗೆ ಮುಂದಿನ ತಿಂಗಳು ಡೇಟ್. ಆಸ್ಪತ್ರೆಯವರು ಈಗಲೇ ಹೇಳಿದ್ದಾರೆ: ನೋವು ಶುರುವಾದ ಮೇಲೆ ಊಟ ಇಲ್ಲ, ಮಲ ಖಾಲಿಯಾಗಲು ಎನಿಮಾ ಕೊಡುತ್ತೇವೆ, ಒಳಗೆ ಯಾರನ್ನೂ ಬಿಡಲ್ಲ, ಮೊದಲ ಹೆರಿಗೆ ಆದ್ದರಿಂದ ಮಗು ಬರುವ ದಾರಿ ದೊಡ್ಡದಾಗಲು ಯೋನಿಯ ಬಾಯಿ ಹತ್ತಿರ ಕಟ್ ಮಾಡಿ ಹೊಲಿಗೆ ಹಾಕುತ್ತೇವೆ. ಇದೆಲ್ಲ ಬೇಕಾ?

ಲೇಬರ್ ವಾರ್ಡ್ ಸಿಸ್ಟರ್: ಎಲ್ಲರಿಗೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ, ತೊಂದರೆ ಇಲ್ಲದ ಹೆರಿಗೆಯಲ್ಲಿ ಎನಿಮಾ, ಶೇವಿಂಗ್, ಎಲ್ಲರಿಗೂ ಕಟ್ ಮಾಡುವುದು ಬೇಡ ಅಂತ. ಮಗುವಿನ ಎದೆಬಡಿತ ಇಳಿದು ಬೇಗ ಹೊರತೆಗೆಯಬೇಕಾದಾಗ ಕಟ್ ಬೇಕಾಗಬಹುದು.

ರಮೇಶಣ್ಣ: ಕಟ್ ಮಾಡದಿದ್ದರೆ ಅಡ್ಡಾದಿಡ್ಡಿ ಹರಿಯುತ್ತೆ ಸಿಸ್ಟರ್. ಹೊಲಿಯೋದೂ ಕಷ್ಟ. ಡಾಕ್ಟರಿಗೆ ನಾವು ಪಾಠ ಹೇಳೋದು ಬೇಡ.

ಲೇಬರ್ ವಾರ್ಡ್ ಸಿಸ್ಟರ್: ಎಲ್ಲರಿಗೂ ಕಟ್ ಮಾಡಿದ್ದನ್ನೂ ಅಗತ್ಯ ಇದ್ದವರಿಗೆ ಮಾತ್ರ ಮಾಡಿದ್ದನ್ನೂ ಹೋಲಿಸಿ ನೋಡಿದ್ದಾರೆ ಅಣ್ಣ. ಎರಡನೆಯದರಲ್ಲೇ ದೊಡ್ಡದಾಗಿ ಹರಿಯುವುದು ಕಡಿಮೆ. ಚಿಕ್ಕದಾಗಿ ಹರಿದರೆ ಎಷ್ಟೋ ಸಲ ಹೊಲಿಗೆಯೇ ಬೇಡ. ಕಟ್ ಮಾಡಿದರೆ ಮಾಂಸಖಂಡವೂ ಕತ್ತರಿಸುತ್ತದೆ, ಹೊಲಿಗೆ ಹಾಕಲೇಬೇಕು. ತಲೆ ಕಾಣಿಸುವಾಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡುತ್ತೇವೆ, ಒಂದು ಕೈಯಲ್ಲಿ ಆಧಾರ ಕೊಡುತ್ತೇವೆ. "ಈಗ ತಿಣುಕಬೇಡಮ್ಮ, ಬಾಯಲ್ಲಿ ಉಸಿರು ಬಿಡು" ಅನ್ನುತ್ತೇವೆ. ತಲೆ ನಿಧಾನಕ್ಕೆ ಬಂದರೆ ಚರ್ಮ ಹಿಗ್ಗುತ್ತದೆ. ಅದಕ್ಕೆ ಪುರುಸೊತ್ತು ಬೇಕು, ಅಷ್ಟೆ.

ಎರಡು ಮಕ್ಕಳ ತಾಯಿ: ನನಗೆ ಹೊಲಿಗೆಗಿಂತ ಸಂಕಟ ಆಗಿದ್ದು ಹೊಟ್ಟೆ ಒತ್ತಿದ್ದು. ಒಬ್ಬರು ಸ್ಟೂಲ್ ಹತ್ತಿ ಮೊಣಕೈಯಿಂದ ಒತ್ತಿದರು. ಒಂದು ಮಾತು ಕೇಳಲಿಲ್ಲ. ಕಿರುಚಿದ್ದಕ್ಕೆ ಬೈಗುಳ ಬೇರೆ.

ಲೇಬರ್ ವಾರ್ಡ್ ಸಿಸ್ಟರ್: ಓದಿ ಬೇಜಾರಾಯಿತು ಅಮ್ಮ. ಹಾಗೆ ಒತ್ತಲೇಬಾರದು. ಬೈಯುವುದಂತೂ ದೊಡ್ಡ ತಪ್ಪು.

ರಮೇಶಣ್ಣ: ಅದು ತಪ್ಪೇ, ಒಪ್ಪುತ್ತೇನೆ. ಆದರೆ ಒಂದೇ ರೂಮಲ್ಲಿ ನಾಲ್ಕು ಜನ ನೋವು ತಿನ್ನುತ್ತಿರುವಾಗ ಎಲ್ಲರ ಮನೆಯವರನ್ನೂ ಹೇಗೆ ಬಿಡೋದು?

ಎರಡು ಮಕ್ಕಳ ತಾಯಿ: ಮಧ್ಯೆ ಪರದೆ ಹಾಕಿಸಿ! ಹೆತ್ತು ಅನುಭವ ಇರುವ ಹೆಂಗಸೊಬ್ಬರು ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರವೇ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಅಮ್ಮ ಪಕ್ಕದಲ್ಲಿದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹಾಸನದ ಅಕ್ಕ: ಇವಳದ್ದು ಪ್ರೈವೇಟ್ ಆಸ್ಪತ್ರೆ. ಕೇಳಿದರೆ ಬಿಡುತ್ತಾರಾ?

ಲೇಬರ್ ವಾರ್ಡ್ ಸಿಸ್ಟರ್: ಮುಂದಿನ ಚೆಕಪ್‌ನಲ್ಲೇ ಕೇಳಿ, ನೋವು ಬಂದ ದಿನ ಅಲ್ಲ. "ಅಗತ್ಯ ಇದ್ದರೆ ಮಾತ್ರ ಕಟ್ ಮಾಡಿ, ಮೊದಲು ಅವಳಿಗೆ ಹೇಳಿ" ಅಂತ ಫೈಲಲ್ಲಿ ಬರೆಸಿ. ಬಿಪಿ ಗಿಪಿ ಏನೂ ಇಲ್ಲದಿದ್ದರೆ ಗಂಜಿ, ಎಳನೀರು ಕೊಡಬಹುದಾ ಅಂತಲೂ ಕೇಳಿ. ಒಪ್ಪದಿದ್ದರೆ ಬೇರೆ ಆಸ್ಪತ್ರೆ ನೋಡಲು ಇನ್ನೂ ಟೈಮ್ ಇದೆ.